ಅಡುಗೆ ವಾಸನೆ ನೆಪದಲ್ಲಿ ಮನೆ ಇಲ್ಲ ಅಂದರು: ಕ್ಯಾಲಿಫೋರ್ನಿಯಾದಲ್ಲಿ ನಾನು ಕೊಟ್ಟ ದೂರಿನ ಕಥೆ

"ಓನರ್‌ಗೆ ಇಂಡಿಯನ್ ಅಡುಗೆ ಮಾಡುವವರು ಬೇಡವಂತೆ. ಆ ವಾಸನೆ ಕಾರ್ಪೆಟ್‌ಗೆ ಹಿಡಿದರೆ ಹೋಗುವುದಿಲ್ಲ. ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ."

ನಾವು ಬಾಡಿಗೆಗೆ ಕೇಳಿದ್ದ ಅಪಾರ್ಟ್‌ಮೆಂಟಿನ ಮ್ಯಾನೇಜರ್ ನನ್ನ ಫೋನಿಗೆ ಕಳಿಸಿದ ಮೆಸೇಜು ಇದು. ಕೊನೆಗೆ ಒಂದು ನಗುಮುಖದ ಇಮೋಜಿ ಬೇರೆ ಇತ್ತು. ಆ ಮೆಸೇಜಿನಿಂದ ಶುರುವಾಗಿ ಕ್ಯಾಲಿಫೋರ್ನಿಯಾ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಆರ್‌ಡಿ ಎಂಬ ಸರ್ಕಾರಿ ಇಲಾಖೆಯಲ್ಲಿ ನಮ್ಮ ದೂರು ಮುಗಿಯುವ ತನಕ ಏನೇನಾಯಿತು ಅಂತ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಕಾರಣ ಇದೆ. ಈ ವಿಷಯ ಹೇಳಿದಾಗಲೆಲ್ಲ ಇಲ್ಲಿನ ನಮ್ಮ ಕನ್ನಡದವರಲ್ಲಿ ಒಬ್ಬರಾದರೂ "ನಮಗೂ ಹೀಗೇ ಆಗಿತ್ತು, ಸುಮ್ಮನಾದೆವು" ಅನ್ನುತ್ತಾರೆ. ಎಚ್-1ಬಿ ವೀಸಾ, ಕ್ಯೂನಲ್ಲಿರುವ ಗ್ರೀನ್ ಕಾರ್ಡ್, ಮಕ್ಕಳ ಸ್ಕೂಲು. ಇದರ ಮಧ್ಯೆ ಸರ್ಕಾರಕ್ಕೆ ದೂರು ಕೊಡುವುದು ಅಂದರೆ ಎಲ್ಲರಿಗೂ ಭಯ. ಆ ಭಯ ಕಡಿಮೆಯಾಗಬೇಕು ಅಂತ ನನಗೆ ಆಸೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಾವು ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಇದ್ದ ಮನೆಯ ಲೀಸ್ ಮುಗಿಯುತ್ತಿತ್ತು. ಮಗಳ ಸ್ಕೂಲಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಖಾಲಿ ಇದೆ ಅಂತ ಆನ್‌ಲೈನ್‌ನಲ್ಲಿ ಕಂಡಿತು. ಫೋನ್ ಮಾಡಿದೆ. "ಇದೆ, ಬನ್ನಿ" ಅಂದರು. ನಾನು, ನಮ್ಮ ಅತ್ತೆ, ಎರಡು ಮಕ್ಕಳು ಹೋದೆವು. ನಮ್ಮವರು ಆಫೀಸಿನಲ್ಲಿದ್ದರು.

ಮ್ಯಾನೇಜರ್ ಮೊದಲಿಗೆ ಚೆನ್ನಾಗಿಯೇ ಮಾತಾಡಿದರು. ಅಡುಗೆಮನೆಗೆ ಬಂದಾಗ ಅತ್ತೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಅತ್ತೆ ಕಾಟನ್ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿದ್ದರು. "ದಿನಾ ಮನೆಯಲ್ಲೇ ಅಡುಗೆ ಮಾಡುತ್ತೀರಾ? ಮಸಾಲೆ ಎಲ್ಲ ಹಾಕುತ್ತೀರಾ?" ಅಂತ ಕೇಳಿದರು. "ಹೌದು, ಮಾಡುತ್ತೇವೆ" ಅಂದೆ. ಆಮೇಲೆ ಅವರು ಕಿಟಕಿಯ ಕಡೆ ಹೋಗಿ, ಒಲೆಯ ಮೇಲಿನ ಫ್ಯಾನ್ ಅಷ್ಟು ಜೋರಾಗಿಲ್ಲ ಅಂತ ಹೇಳಿದರು. ಅರ್ಜಿ ತುಂಬಿದೆವು, ಅದರ ಫೀಸ್ ಕಟ್ಟಿದೆವು. ನಮ್ಮ ಕ್ರೆಡಿಟ್ ಸ್ಕೋರ್ ಚೆನ್ನಾಗಿತ್ತು. ಅವರು ಕೇಳಿದ್ದು ಬಾಡಿಗೆಯ ಮೂರು ಪಟ್ಟು ಆದಾಯ, ನಮ್ಮದು ಅದಕ್ಕಿಂತ ಜಾಸ್ತಿಯೇ ಇತ್ತು. ಎರಡು ದಿನ ಸದ್ದಿಲ್ಲ. ನಾನೇ ಕೇಳಿದಾಗ ಬಂದದ್ದು ಮೇಲಿನ ಮೆಸೇಜು.

ಜಾಹೀರಾತು ಮಾತ್ರ ಹಾಗೇ ಇತ್ತು. ನಮ್ಮವರ ಆಫೀಸಿನ ಸಹೋದ್ಯೋಗಿಯೊಬ್ಬರು ಇಲ್ಲೇ ಹುಟ್ಟಿ ಬೆಳೆದ ಬಿಳಿಯರು. ವಿಷಯ ಕೇಳಿ ಅವರಿಗೆ ಸಿಟ್ಟು ಬಂತು. ತಾವೇ ಫೋನ್ ಮಾಡಿ ಅದೇ ಅಪಾರ್ಟ್‌ಮೆಂಟ್ ಬಗ್ಗೆ ಕೇಳಿದರು. "ಖಾಲಿ ಇದೆ, ಶನಿವಾರ ಬಂದು ನೋಡಿ" ಅಂದರಂತೆ. ಅಡುಗೆಯ ಮಾತೇ ಬರಲಿಲ್ಲವಂತೆ.

ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಇದೇ ಮಾತು. ಅತ್ತೆ ಹೇಳಿದರು: "ಬಿಡಮ್ಮ, ಅವರ ಮನೆ, ಅವರಿಷ್ಟ. ನಿಮ್ಮ ಮಾವನಿಗೆ ಮೈಸೂರಿಗೆ ಟ್ರಾನ್ಸ್‌ಫರ್ ಆದಾಗ ಎಷ್ಟು ಮನೆ ನೋಡಿದ್ದೀವಿ ಗೊತ್ತಾ? ಗೇಟಿನ ಹತ್ತಿರವೇ 'ನೀವು ಯಾವ ಜನ' ಅಂತ ಕೇಳೋರು. ಹೇಳಿದ ತಕ್ಷಣ 'ಅಯ್ಯೋ, ಈಗ ತಾನೇ ಬೇರೆಯವರಿಗೆ ಮಾತು ಕೊಟ್ಟುಬಿಟ್ವಿ' ಅನ್ನೋರು. ನಾವೇನು ಪೊಲೀಸ್ ಸ್ಟೇಷನ್‌ಗೆ ಹೋದ್ವಾ?" ನಮ್ಮವರಿಗೆ ಬೇರೆ ಚಿಂತೆ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದೆ, ಸುಮ್ಮನೆ ಯಾಕೆ ರಿಸ್ಕ್ ಅಂತ. ನಾನು ಎಚ್-4ರಲ್ಲಿ, ಅಂದರೆ ಗಂಡನ ವೀಸಾ ನೆಚ್ಚಿಕೊಂಡು ಇರುವವಳು. ನನ್ನ ಹೆಸರಲ್ಲಿ ದೂರು ಕೊಡಬಹುದಾ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಆದರೆ "ಅವರ ಮನೆ, ಅವರಿಷ್ಟ" ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ಅದು ನಿಜವಾ ಅಂತ ಓದುತ್ತಾ ಹೋದೆ. ಈ ರಾಜ್ಯ ಇದೇ ಮಾತಿನ ಮೇಲೆ ವರ್ಷಗಟ್ಟಲೆ ಜಗಳ ಆಡಿ ತೀರ್ಮಾನ ಮಾಡಿದೆ ಅಂತ ಆಗ ಗೊತ್ತಾಯಿತು.

1963ರಲ್ಲಿ ಇಲ್ಲಿ ರಮ್‌ಫರ್ಡ್ ಫೇರ್ ಹೌಸಿಂಗ್ ಆಕ್ಟ್ ಬಂತು. ವಿಲಿಯಂ ಬೈರನ್ ರಮ್‌ಫರ್ಡ್ ಬರ್ಕ್ಲಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕಪ್ಪು ಜನಾಂಗದ ಶಾಸಕರು. ಬಣ್ಣ, ಧರ್ಮ, ಮೂಲ ನೋಡಿ ಮನೆ ನಿರಾಕರಿಸಬಾರದು ಅನ್ನುವುದು ಅವರ ಕಾನೂನು. ಮರುವರ್ಷವೇ, 1964ರಲ್ಲಿ, ಪ್ರೊಪೊಸಿಷನ್ 14 ಅಂತ ಒಂದು ಪ್ರಸ್ತಾವ ಮತಕ್ಕೆ ಬಂತು. ತನ್ನ ಆಸ್ತಿಯನ್ನು ಯಾರಿಗೆ ಮಾರಬೇಕು, ಯಾರಿಗೆ ಬಾಡಿಗೆ ಕೊಡಬೇಕು ಅನ್ನುವುದು ಮಾಲೀಕನ ಇಷ್ಟ, ಸರ್ಕಾರ ಅದರಲ್ಲಿ ತಲೆ ಹಾಕಬಾರದು ಅಂತ. ನಮ್ಮ ಅತ್ತೆ ಹೇಳಿದ ಮಾತೇ ಅಲ್ವಾ? ಅದು ಭಾರಿ ಬಹುಮತದಿಂದ ಗೆದ್ದಿತು. 1966ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಇಂದಿನ ಫೇರ್ ಎಂಪ್ಲಾಯ್‌ಮೆಂಟ್ ಅಂಡ್ ಹೌಸಿಂಗ್ ಆಕ್ಟ್‌ನಲ್ಲಿ ಆ ಕಾನೂನೂ ಸೇರಿದೆ. ಅದನ್ನು ಜಾರಿ ಮಾಡುವ ಇಲಾಖೆಯ ಹೆಸರು 2022ರ ತನಕ ಡಿಪಾರ್ಟ್‌ಮೆಂಟ್ ಆಫ್ ಫೇರ್ ಎಂಪ್ಲಾಯ್‌ಮೆಂಟ್ ಅಂಡ್ ಹೌಸಿಂಗ್ ಅಂತಿತ್ತು. ಈಗ ಸಿಆರ್‌ಡಿ.

ಇನ್ನೊಂದು ಕಥೆಯೂ ಸಿಕ್ಕಿತು, ಅದನ್ನು ಇಲ್ಲಿ ಹೇಳಲೇಬೇಕು. ವೈಷ್ಣೋ ದಾಸ್ ಬಗೈ, ಕಲಾ ಬಗೈ ದಂಪತಿ 1915ರಲ್ಲಿ ಮೂರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದವರು. ಬರ್ಕ್ಲಿಯಲ್ಲಿ ದುಡ್ಡು ಕೊಟ್ಟು ಮನೆ ಕೊಂಡರು. ಸಾಮಾನು ತುಂಬಿಕೊಂಡು ಬಂದ ದಿನ ಅಕ್ಕಪಕ್ಕದವರು ಆ ಮನೆಗೆ ಬೀಗ ಹಾಕಿ, ಒಳಗೆ ಕಾಲಿಡಲು ಬಿಡಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವೈಷ್ಣೋ ದಾಸ್ ಅವರ ಪೌರತ್ವವೂ ಹೋಯಿತು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕಲಾ ಅವರು ಬದುಕಿ, ಮಕ್ಕಳನ್ನು ಓದಿಸಿ, ಎಷ್ಟೋ ಹೊಸ ಕುಟುಂಬಗಳಿಗೆ ಆಸರೆಯಾದರು. ಬರ್ಕ್ಲಿಯ ಪೇಟೆ ಮಧ್ಯದ ಒಂದು ರಸ್ತೆಗೆ ಈಗ ಕಲಾ ಬಗೈ ವೇ ಅಂತ ಹೆಸರಿದೆ. ಇದನ್ನು ಓದಿದ ಮೇಲೆ ನನ್ನ ಕೈಯಲ್ಲಿದ್ದ ಮೆಸೇಜನ್ನು ಅಳಿಸಿ ಸುಮ್ಮನಿರಲು ಮನಸ್ಸಾಗಲಿಲ್ಲ. ಅವರ ಕಾಲದಲ್ಲಿ ದೂರು ಕೊಡಲು ಬಾಗಿಲೇ ಇರಲಿಲ್ಲ, ನಮಗೆ ಇದೆ.

ದೂರು ಕೊಡುವುದಕ್ಕೆ ಫೀಸ್ ಇಲ್ಲ. ವಕೀಲರು ಬೇಕಿಲ್ಲ. ಸಿಆರ್‌ಡಿ ವೆಬ್‌ಸೈಟಿನಲ್ಲಿ ಅಕೌಂಟ್ ಮಾಡಿಕೊಂಡು ಮೊದಲು ಇನ್‌ಟೇಕ್ ಫಾರ್ಮ್ ತುಂಬಬೇಕು. ಫೋನ್‌ನಲ್ಲೂ ಮಾಡಬಹುದು, ಅಂಚೆಯಲ್ಲೂ ಕಳಿಸಬಹುದು. ಇದು ಇನ್ನೂ ದೂರು ಅಲ್ಲ. ಹೀಗೆ ಹೀಗೆ ಆಯಿತು, ನೀವು ನೋಡುತ್ತೀರಾ ಅಂತ ಕೇಳುವುದು ಅಷ್ಟೇ. ಯಾರು, ಎಲ್ಲಿ, ಯಾವತ್ತು, ಏನು ಹೇಳಿದರು, ಯಾರು ನೋಡಿದರು, ಯಾವ ಕಾರಣಕ್ಕೆ ತಾರತಮ್ಯ ಆಯಿತು ಅಂತ ನಿಮಗನಿಸುತ್ತದೆ ಅಂತೆಲ್ಲ ಕೇಳುತ್ತಾರೆ. ಕಾರಣದ ಪಟ್ಟಿ ಉದ್ದ ಇದೆ. ಜನಾಂಗ, ಬಣ್ಣ, ವಂಶಮೂಲ, ಯಾವ ದೇಶದಿಂದ ಬಂದವರು, ಧರ್ಮ, ಅಂಗವೈಕಲ್ಯ, ಲಿಂಗ, ಲೈಂಗಿಕ ಒಲವು, ಮದುವೆ ಆಗಿದೆಯೋ ಇಲ್ಲವೋ, ಮನೆಯಲ್ಲಿ ಮಕ್ಕಳಿದ್ದಾರೋ, ಆದಾಯ ಎಲ್ಲಿಂದ ಬರುತ್ತದೆ, ಹೀಗೆ. ಸೆಕ್ಷನ್ 8 ಅನ್ನುವ ಸರ್ಕಾರಿ ಬಾಡಿಗೆ ನೆರವು ಪಡೆಯುವವರಿಗೆ ಆ ಕಾರಣಕ್ಕೇ ಮನೆ ಇಲ್ಲ ಅನ್ನುವಂತಿಲ್ಲ. ಅದು 2020ರಿಂದ ಬಂದ ನಿಯಮ.

ವೀಸಾ ಯಾವುದು ಅಂತ ಆ ಫಾರ್ಮಿನಲ್ಲಿ ಹೇಳಬೇಕಾಗಿ ಬರಲಿಲ್ಲ. ನಮ್ಮವರ ಪಕ್ಕದಲ್ಲೇ ಕೂತು ತುಂಬಿದೆ. ಪ್ರತಿ ಪುಟಕ್ಕೂ ಅವರು ಅದನ್ನೇ ಹುಡುಕುತ್ತಿದ್ದರು. ಈ ರಾಜ್ಯದಲ್ಲಿ ಬಾಡಿಗೆದಾರರ ವಲಸೆ ಸ್ಥಿತಿಯನ್ನು ಮನೆ ಮಾಲೀಕರು ಕೇಳುವಂತೆಯೇ ಇಲ್ಲ. ಅಧಿಕಾರಿಗಳಿಗೆ ಹೇಳಿಬಿಡುತ್ತೇನೆ ಅಂತ ಹೆದರಿಸುವಂತೆಯೂ ಇಲ್ಲ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡರೆ ಅದೂ ಕಾನೂನು ಮುರಿದ ಹಾಗೆಯೇ. ಇದಿಷ್ಟು ಗೊತ್ತಾದ ಮೇಲೆ ನಮ್ಮವರು "ಸರಿ, ಕಳಿಸು" ಅಂದರು.

ಆಮೇಲೆ ಇನ್‌ಟೇಕ್ ಸಂದರ್ಶನ. ಇಲಾಖೆಯ ತನಿಖಾಧಿಕಾರಿಯೊಬ್ಬರು ಫೋನ್ ಮಾಡುತ್ತಾರೆ. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದೂರು ನಿಲ್ಲುವುದೋ ಬೀಳುವುದೋ ಬಹುಪಾಲು ಇಲ್ಲೇ ಗೊತ್ತಾಗುತ್ತದೆ.

ನಾನು ಅವಮಾನದ ಮಾತಿನಿಂದಲೇ ಶುರು ಮಾಡಿದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಒಂದೊಂದಾಗಿ ಪ್ರಶ್ನೆ ಕೇಳಿದರು. ಮ್ಯಾನೇಜರ್ ಬಳಸಿದ ಪದ ಯಾವುದು, ನಿಮ್ಮ ಮಾತಲ್ಲಿ ಬೇಡ, ಅವರ ಮಾತಲ್ಲೇ ಹೇಳಿ. ಆಗ ಅಡುಗೆಮನೆಯಲ್ಲಿ ಯಾರು ಯಾರು ಇದ್ದರು? ಮಕ್ಕಳ ಬಗ್ಗೆ ಏನಾದರೂ ಅಂದರಾ? ಇಲ್ಲ ಅಂದೆ. "ಹಾಗಾದರೆ ಮಕ್ಕಳ ಕಾರಣವನ್ನು ದೂರಿಗೆ ಸೇರಿಸುವುದು ಬೇಡ, ಇದ್ದದ್ದನ್ನೇ ಬರೆಯೋಣ" ಅಂದರು. ಅರ್ಜಿ ಫೀಸ್ ಕಟ್ಟಿದ ರಸೀದಿ ಇದೆಯಾ? ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದದ್ದು ಯಾವತ್ತು? ಸಹೋದ್ಯೋಗಿ ಫೋನ್ ಮಾಡಿದ್ದು ನಿಮಗೆ ಮೆಸೇಜು ಬರುವ ಮೊದಲೋ, ಆಮೇಲೋ? ಆಮೇಲೆ ಅಂದಾಗ ಆಕೆ ಒಂದು ಕ್ಷಣ ನಿಲ್ಲಿಸಿ, ತಾರೀಖು, ಗಂಟೆ ಎರಡನ್ನೂ ಮತ್ತೆ ಹೇಳಿಸಿ ಬರೆದುಕೊಂಡರು. ನಮಗೆ ಇಲ್ಲ ಅಂದ ಮೇಲೆ ಬೇರೆಯವರಿಗೆ ಇದೆ ಅಂದದ್ದು ಈ ಕೇಸಿನ ಬೆನ್ನೆಲುಬು ಅಂತ ನನಗೆ ಆಗ ಅರ್ಥವಾಯಿತು. ಕೊನೆಗೆ ಕೇಳಿದರು: ಇದರಿಂದ ನಿಮಗೆ ಏನೇನು ತೊಂದರೆ ಆಯಿತು? ನಿದ್ದೆ, ಖರ್ಚು, ಮಗಳ ಸ್ಕೂಲು ಎಲ್ಲ ಹೇಳಿ, ಅದೂ ಲೆಕ್ಕಕ್ಕೆ ಬರುತ್ತದೆ ಅಂದರು.

ಇಲ್ಲಿ ಒಂದು ಮಾತು. ಮ್ಯಾನೇಜರ್‌ಗೆ ಮತ್ತೆ ಫೋನ್ ಮಾಡಿ, ಮಾತಾಡಿಸಿ, ಗುಟ್ಟಾಗಿ ರೆಕಾರ್ಡ್ ಮಾಡಿಕೋ ಅಂತ ಒಬ್ಬ ಸ್ನೇಹಿತೆ ಸಲಹೆ ಕೊಟ್ಟಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಫೋನ್ ಮಾತನ್ನು ರೆಕಾರ್ಡ್ ಮಾಡಬೇಕಾದರೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಇಲ್ಲದಿದ್ದರೆ ನಾವೇ ಕಾನೂನು ಮುರಿದ ಹಾಗೆ. ಮೆಸೇಜು, ಇಮೇಲ್, ರಸೀದಿ, ಸ್ಕ್ರೀನ್‌ಶಾಟ್, ಅವತ್ತೇ ಬರೆದಿಟ್ಟ ಟಿಪ್ಪಣಿ ಇದ್ದರೆ ಸಾಕು. ಅಡುಗೆಮನೆಯಲ್ಲಿ ನಡೆದ ಮಾತನ್ನು ನಾನು ಅದೇ ಸಂಜೆ ನಮ್ಮವರಿಗೆ ಮೆಸೇಜು ಮಾಡಿ ಹೇಳಿದ್ದೆ. ಆ ಮೆಸೇಜೂ ಉಪಯೋಗಕ್ಕೆ ಬಂತು.

ಸಂದರ್ಶನ ಆದ ಮೇಲೆ ಇಲಾಖೆಯವರೇ ದೂರನ್ನು ಬರೆದು ಸಹಿಗೆ ಕಳಿಸುತ್ತಾರೆ. ಅದು ತುಂಬಾ ಚಿಕ್ಕದಾಗಿತ್ತು. ಇಂಥ ದಿನ, ಇಂಥ ಕಡೆ, ವಂಶಮೂಲ ಮತ್ತು ರಾಷ್ಟ್ರೀಯ ಮೂಲದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಲಾಯಿತು ಅಂತ. ನನ್ನ ಅಷ್ಟೂ ಸಂಕಟ ಆ ನಾಲ್ಕು ಸಾಲಿನಲ್ಲಿ ಎಲ್ಲಿದೆ ಅಂತ ಮೊದಲು ಅನಿಸಿತು. ಆದರೆ ದೂರು ಇರಬೇಕಾದದ್ದು ಹಾಗೆಯೇ. ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು, ಆದ್ದರಿಂದ ಒಂದು ಪದವೂ ಉಬ್ಬಿಸಿ ಬರೆದಿರಬಾರದು. ಮನೆಯ ವಿಷಯದ ದೂರಾದರೆ ಬಹಳ ಸಲ ಅದು ಕೇಂದ್ರ ಸರ್ಕಾರದ ವಸತಿ ಇಲಾಖೆ ಎಚ್‌ಯುಡಿಯಲ್ಲೂ ದಾಖಲಾಗುತ್ತದೆ. ನಾವು ಬೇರೆ ಓಡಾಡಬೇಕಿಲ್ಲ.

ದೂರು ಮಾಲೀಕರಿಗೂ ಮ್ಯಾನೇಜ್‌ಮೆಂಟ್ ಕಂಪನಿಗೂ ತಲುಪಿತು. ಅವರ ಉತ್ತರ ಬಂತು: ಇವರಿಗಿಂತ ಒಳ್ಳೆಯ ಕ್ರೆಡಿಟ್ ಇರುವ ಬೇರೆ ಅರ್ಜಿದಾರರನ್ನು ಆರಿಸಿದೆವು, ತಾರತಮ್ಯ ಮಾಡಿಲ್ಲ. ಇದನ್ನು ಓದಿದಾಗ ನನಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಎದುರಿನವರು ಸುಳ್ಳು ಹೇಳಿದರೆ ಮುಗಿಯಿತಲ್ಲ ಅನಿಸಿತು. ಆದರೆ ತನಿಖೆ ಅನ್ನುವುದು ಅಲ್ಲಿಂದಲೇ ಶುರು. ತನಿಖಾಧಿಕಾರಿ ಅವರ ಹತ್ತಿರ ಆ ಅಪಾರ್ಟ್‌ಮೆಂಟಿಗೆ ಬಂದ ಎಲ್ಲ ಅರ್ಜಿ, ಅವು ಬಂದ ತಾರೀಖು, ಕೊನೆಗೆ ಬಾಡಿಗೆ ಪಡೆದವರ ಕಾಗದ, ಆಯ್ಕೆಯ ನಿಯಮ ಎಲ್ಲ ಕೇಳಿದರು. ಕೊಡದಿದ್ದರೆ ಕೊಡಿಸುವ ಅಧಿಕಾರ ಇಲಾಖೆಗಿದೆ. ನಮಗೆ ಇಲ್ಲ ಅಂದ ದಿನ ಬೇರೆ ಯಾರ ಅರ್ಜಿಯೂ ಅವರ ಕೈಯಲ್ಲಿ ಇರಲಿಲ್ಲ ಅಂತ ಆ ಕಾಗದಗಳಿಂದಲೇ ಹೊರಬಂತು.

ಒಂದು ಸತ್ಯ ಮೊದಲೇ ತಿಳಿದಿರಲಿ. ಸಿಆರ್‌ಡಿ ನಮ್ಮ ವಕೀಲರಲ್ಲ. ತನಿಖೆ ಮಾಡುವಾಗ ಅವರು ಎರಡೂ ಕಡೆಗೆ ಸಮ. ಎದುರಿನವರ ಉತ್ತರವನ್ನು ನಮ್ಮ ಮುಂದಿಟ್ಟು "ಇದಕ್ಕೆ ಏನು ಹೇಳುತ್ತೀರಿ" ಅಂತ ಕೇಳುತ್ತಾರೆ. ಕೇಳುವ ರೀತಿ ಕೆಲವು ಸಲ ನಮ್ಮನ್ನೇ ಅನುಮಾನಿಸಿದಂತೆ ಅನಿಸುತ್ತದೆ. ಬೇಜಾರು ಮಾಡಿಕೊಳ್ಳಬಾರದು. ಅವರು ಸಮವಾಗಿ ನೋಡಿದ್ದರಿಂದಲೇ ಕೊನೆಗೆ ಅವರ ಮಾತಿಗೆ ತೂಕ ಬಂತು.

ಸಾಕ್ಷಿಯಾಗಿ ಅತ್ತೆಯ ಹತ್ತಿರವೂ ಮಾತಾಡಬೇಕು ಅಂದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನಾನು ಹೇಳಿಕೊಡಬಹುದಾ ಅಂದೆ. ಬೇಡ, ನೀವು ದೂರುದಾರರು, ನಾವೇ ಭಾಷಾಂತರಕಾರರನ್ನು ಕೊಡುತ್ತೇವೆ ಅಂದರು. ಅದಕ್ಕೂ ದುಡ್ಡಿಲ್ಲ. ಅವತ್ತು ಫೋನಿನ ಆ ತುದಿಯಿಂದ ಒಬ್ಬ ಹೆಂಗಸು "ನಮಸ್ಕಾರ ಅಮ್ಮ, ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳ್ತೀನಿ, ನೀವು ನಿಧಾನಕ್ಕೆ ಉತ್ತರ ಕೊಡಿ" ಅಂದಾಗ ಅತ್ತೆಯ ಮುಖ ನೋಡಬೇಕಿತ್ತು. ನಾನು ರೂಮಿನಿಂದ ಹೊರಗೆ ಬಂದೆ, ಆದರೂ ಅವರ ಮಾತು ಕೇಳಿಸುತ್ತಿತ್ತು. "ಅಡುಗೆಮನೆಗೆ ಬರೋ ತನಕ ನಗ್ತಾ ಇದ್ದರು ತಾಯಿ. ನನ್ನ ನೋಡಿದ ಮೇಲೆ ನಗಲಿಲ್ಲ. ಫ್ಯಾನ್ ಹಾಕಿ ತೋರಿಸಿದರು, ಮೂಗಿನ ಹತ್ತಿರ ಕೈ ಆಡಿಸಿದರು." ಮೂಗಿನ ಹತ್ತಿರ ಕೈ ಆಡಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ, ಚಿಕ್ಕವನನ್ನು ಹಿಡಿದುಕೊಳ್ಳುವುದರಲ್ಲಿದ್ದೆ. ಅಷ್ಟು ದಿನ ಅತ್ತೆ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಾತು ಮುಗಿಸಿ ಬಂದು, "ಎಷ್ಟು ಮರ್ಯಾದೆ ಕೊಟ್ಟು ಕೇಳಿದರಮ್ಮ. ಮೈಸೂರಲ್ಲಿ ನಮ್ಮನ್ನ ಯಾರು ಹಿಂಗೆ ಕೇಳಿದ್ರು?" ಅಂದರು. ಇಡೀ ಪ್ರಕ್ರಿಯೆಯಲ್ಲಿ ನನಗೆ ದೊಡ್ಡದು ಅನಿಸಿದ್ದು ಇದು.

ಸಮಯ ಹಿಡಿಯುತ್ತದೆ. ಮನೆಯ ವಿಷಯದ ತನಿಖೆಯನ್ನು 100 ದಿನದೊಳಗೆ ಮುಗಿಸಬೇಕು ಅಂತ ಕಾನೂನಿದೆ, ಆಗದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು. ನಮಗೆ ಅಂಥ ಪತ್ರ ಬಂತು. ಮಧ್ಯೆ ವಾರಗಟ್ಟಲೆ ಏನೂ ಸುದ್ದಿ ಇರಲಿಲ್ಲ. ಅಷ್ಟರಲ್ಲಿ ನಾವು ಬೇರೆ ಮನೆ ಹಿಡಿದಾಗಿತ್ತು, ಬಾಡಿಗೆ ಜಾಸ್ತಿ, ಸ್ಕೂಲು ದೂರ. ದೂರು ಕೊಟ್ಟರೆ ಆ ಮನೆಯೇ ಸಿಗುತ್ತದೆ ಅಂತ ಕಾಯುವವರಿಗೆ ಕಷ್ಟ. ಇದನ್ನು ಮುಚ್ಚಿಡುವುದು ಸರಿಯಲ್ಲ.

ರಾಜಿಗೆ ಕೂರುತ್ತೀರಾ ಅಂತ ಇಲಾಖೆಯವರು ಮೊದಲಿನಿಂದಲೂ ಕೇಳುತ್ತಿರುತ್ತಾರೆ. ಕಾಗದ ಪತ್ರ ಹೊರಬಂದ ಮೇಲೆ ಎದುರಿನವರೂ ಒಪ್ಪಿದರು. ವಿಡಿಯೋ ಕಾಲ್‌ನಲ್ಲಿ ನಡೆಯಿತು. ನಾವು ಒಂದು ಕೋಣೆಯಲ್ಲಿ, ಅವರು ಇನ್ನೊಂದರಲ್ಲಿ, ಮಧ್ಯಸ್ಥಗಾರರು ಅಲ್ಲಿಂದ ಇಲ್ಲಿಗೆ ಓಡಾಡುತ್ತಿದ್ದರು. ಮ್ಯಾನೇಜರ್ ಮುಖ ನೋಡಬೇಕಾಗಿ ಬರಲಿಲ್ಲ. ಏನು ಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆವು. ಬಾಡಿಗೆಯಲ್ಲಿ ಆದ ವ್ಯತ್ಯಾಸ, ಅರ್ಜಿಯ ಫೀಸ್, ಮನಸ್ಸಿಗಾದ ನೋವಿಗೆ ಪರಿಹಾರ. ಅದಕ್ಕಿಂತ ಮುಖ್ಯವಾಗಿ ಮ್ಯಾನೇಜರುಗಳಿಗೆಲ್ಲ ಫೇರ್ ಹೌಸಿಂಗ್ ತರಬೇತಿ, ಅರ್ಜಿದಾರರನ್ನು ಆರಿಸುವ ನಿಯಮ ಬರವಣಿಗೆಯಲ್ಲಿ, ಯಾವ ಅರ್ಜಿ ಯಾಕೆ ಬೇಡ ಅಂದೆವು ಅನ್ನುವ ದಾಖಲೆ, ತಾರತಮ್ಯ ಮಾಡುವಂತಿಲ್ಲ ಅನ್ನುವ ಸೂಚನೆ ಆಫೀಸಿನ ಗೋಡೆಯ ಮೇಲೆ.

ಅವರು ಮೊದಲು ದುಡ್ಡಿನಲ್ಲಿ ಮುಗಿಸಲು ನೋಡಿದರು. ತರಬೇತಿ ಬೇಡ, ದುಡ್ಡು ಸ್ವಲ್ಪ ಜಾಸ್ತಿ ತಗೊಳ್ಳಿ ಅಂತ. ನಮ್ಮವರು ನನ್ನ ಮುಖ ನೋಡಿದರು. ಬೇಡ ಅಂದೆ. ಆ ಅಡುಗೆಮನೆಗೆ ನಾಳೆ ಇನ್ನೊಬ್ಬರ ಅತ್ತೆ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲಕ್ಕೂ ಒಪ್ಪಿದರು. ಮೊತ್ತ ಎಷ್ಟು ಅಂತ ಹೊರಗೆ ಹೇಳಬಾರದು ಅನ್ನುವುದು ಒಪ್ಪಂದದಲ್ಲಿದೆ, ಅದಕ್ಕೆ ಬರೆಯುತ್ತಿಲ್ಲ.

ರಾಜಿ ಆಗದಿದ್ದರೆ? ತನಿಖೆಯಲ್ಲಿ ಕಾನೂನು ಮುರಿದದ್ದು ಕಂಡುಬಂದರೆ ಇಲಾಖೆಯೇ ಇನ್ನೊಮ್ಮೆ ಮಧ್ಯಸ್ಥಿಕೆಗೆ ಕರೆದು, ಆಮೇಲೆ ಕೋರ್ಟಿಗೆ ಹೋಗಬಹುದು. ಸಾಕ್ಷಿ ಸಾಲದು ಅಂತ ದೂರನ್ನು ಮುಚ್ಚುವುದೂ ಉಂಟು. ಆಗಲೂ ಮೇಲ್ಮನವಿ ಕೊಡಬಹುದು, ಸ್ವಂತವಾಗಿ ಕೋರ್ಟಿಗೂ ಹೋಗಬಹುದು. ಎಷ್ಟೋ ದೂರುಗಳು ನಮ್ಮಷ್ಟು ಸಲೀಸಾಗಿ ಮುಗಿಯುವುದಿಲ್ಲ. ನಮ್ಮ ಹತ್ತಿರ ಬರವಣಿಗೆಯಲ್ಲಿ ಒಂದು ಮೆಸೇಜಿತ್ತು. ಬಹುಪಾಲು ಜನ ಇಷ್ಟು ಬಾಯಿಬಿಟ್ಟು ಹೇಳುವುದಿಲ್ಲ, ನಗುತ್ತಲೇ "ಈಗ ತಾನೇ ಕೊಟ್ಟುಬಿಟ್ಟೆವು" ಅನ್ನುತ್ತಾರೆ. ಅಂಥ ಕಡೆ ಫೇರ್ ಹೌಸಿಂಗ್ ಸಂಸ್ಥೆಗಳು ಬೇರೆ ಬೇರೆ ಹಿನ್ನೆಲೆಯ ಇಬ್ಬರನ್ನು ಒಂದೇ ಮನೆ ಕೇಳಲು ಕಳಿಸಿ, ಸಿಕ್ಕ ಉತ್ತರಗಳನ್ನು ಹೋಲಿಸಿ ನೋಡುತ್ತವೆ. ಅನುಮಾನ ಇದ್ದರೆ ಮೊದಲು ಅವರ ಹತ್ತಿರ ಹೋಗುವುದು ಒಳ್ಳೆಯದು.

ಈಗ ನಮ್ಮ ಜನರ ಬಗ್ಗೆಯೇ ಒಂದು ಮಾತು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ರೂಮ್ ಬಾಡಿಗೆಗೆ ಅಂತ ಹಾಕುವಾಗ ಜಾತಿಯ ಹೆಸರು ಸೇರಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಅವರ ಮನೆ, ಅವರಿಷ್ಟ" ಅಂತ ಅಲ್ಲೂ ಸಮರ್ಥನೆ ಬರುತ್ತದೆ. ತಾನೇ ವಾಸ ಇರುವ ಸ್ವಂತ ಮನೆಯಲ್ಲಿ ಒಬ್ಬರಿಗೆ ಮಾತ್ರ ರೂಮ್ ಕೊಡುವವರಿಗೆ ಕಾನೂನಿನಲ್ಲಿ ಸ್ವಲ್ಪ ವಿನಾಯಿತಿ ಇದೆ ನಿಜ. ಆದರೆ ಇಂಥ ಜನಕ್ಕೆ ಮಾತ್ರ ಅಂತ ಜಾಹೀರಾತು ಹಾಕಲು ಆ ವಿನಾಯಿತಿ ಸಿಗುವುದಿಲ್ಲ.

ಜಾತಿಯ ವಿಷಯವನ್ನು ಈ ಇಲಾಖೆ ಹಗುರವಾಗಿ ತೆಗೆದುಕೊಂಡಿಲ್ಲ. 2020ರ ಜೂನ್‌ನಲ್ಲಿ, ಒಬ್ಬ ದಲಿತ ಎಂಜಿನಿಯರ್‌ಗೆ ಜಾತಿ ತಾರತಮ್ಯ ಆಗಿದೆ ಅಂತ ಸಿಸ್ಕೋ ಕಂಪನಿ ಮತ್ತು ಅಲ್ಲಿನ ಇಬ್ಬರು ಎಂಜಿನಿಯರ್‌ಗಳ ಮೇಲೆ ಇಲಾಖೆಯೇ ಕೇಸ್ ಹಾಕಿತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. 2023ರ ಏಪ್ರಿಲ್‌ನಲ್ಲಿ ಆ ಇಬ್ಬರ ಮೇಲಿನ ಕೇಸನ್ನು ಇಲಾಖೆ ಕೈಬಿಟ್ಟಿತು, ಕಂಪನಿಯ ಮೇಲಿನದನ್ನು ಬಿಡಲಿಲ್ಲ. ಅದೇ ವರ್ಷ ಜಾತಿ ಅನ್ನುವ ಪದವನ್ನೇ ಕಾನೂನಿಗೆ ಸೇರಿಸುವ ಎಸ್‌ಬಿ 403 ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ವೀಟೋ ಮಾಡಿ ತಿರಸ್ಕರಿಸಿದರು. ಇರುವ ಕಾನೂನಿನಲ್ಲೇ ಜಾತಿ ತಾರತಮ್ಯಕ್ಕೆ ನಿಷೇಧ ಇದೆ, ಹೊಸದು ಬೇಕಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ನನಗಂತೂ ಆ ಪದ ಕಾನೂನಿನಲ್ಲಿ ಇರಬೇಕಿತ್ತು. ಯಾರಾದರೂ "ಯಾವ ಜನ" ಅಂತ ಕೇಳಿ ಬಾಗಿಲು ಹಾಕಿದರೆ, ವಂಶಮೂಲದ ಕಾರಣಕ್ಕೆ ಅಂತ ಇದೇ ಫಾರ್ಮನ್ನು ತುಂಬಬಹುದು. ನನ್ನ ದೂರಿನಲ್ಲೂ ಮೊದಲು ಇದ್ದ ಕಾರಣ ಅದೇ.

ದ್ವೇಷದ ಮಾತು, ಬೆದರಿಕೆ, ಹಲ್ಲೆಯ ವಿಷಯಕ್ಕೆ ದಾರಿ ಬೇರೆ ಇದೆ. 2023ರ ಮೇ ತಿಂಗಳಲ್ಲಿ ಶುರುವಾದ ಸಿಎ ವರ್ಸಸ್ ಹೇಟ್ ಅನ್ನುವ ಸಹಾಯವಾಣಿಯನ್ನು ಸಿಆರ್‌ಡಿಯೇ ನಡೆಸುತ್ತದೆ. ನಂಬರ್ 833-866-4283. ಫೋನ್‌ನಲ್ಲಿ 200ಕ್ಕೂ ಹೆಚ್ಚು ಭಾಷೆಗಳಲ್ಲಿ ಸಹಾಯ ಸಿಗುತ್ತದೆ. ಹೆಸರು ಹೇಳದೆಯೂ ಮಾತಾಡಬಹುದು. ಇದು ಪೊಲೀಸ್ ಅಲ್ಲ, ಪ್ರಾಣಕ್ಕೆ ಅಪಾಯ ಇದ್ದರೆ 911ಕ್ಕೇ ಮಾಡಬೇಕು. ನಮ್ಮ ಅಪ್ಪ ಅಮ್ಮ, ಅತ್ತೆ ಮಾವ ಆರು ತಿಂಗಳಿಗೆ ಅಂತ ಬಂದು ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತಾರಲ್ಲ, ಅವರಿಗೆ ಯಾರೋ ಕಾರಿನಿಂದ ಕೂಗಿ "ನಿಮ್ಮ ದೇಶಕ್ಕೆ ಹೋಗಿ" ಅಂದರೆ ಅವರು ಮನೆಗೆ ಬಂದು ಹೇಳುವುದೇ ಇಲ್ಲ. ಒಮ್ಮೆ ನೀವಾಗಿಯೇ ಕೇಳಿ. ಅಪರಾಧ ಅಂತ ಆಗದಿದ್ದರೂ ಅಲ್ಲಿ ಹೇಳಬಹುದು, ಕೌನ್ಸೆಲಿಂಗ್, ಕಾನೂನು ಸಹಾಯ ಎಲ್ಲಿ ಸಿಗುತ್ತದೆ ಅಂತ ದಾರಿ ತೋರಿಸುತ್ತಾರೆ, ಆಮೇಲೂ ವಿಚಾರಿಸುತ್ತಾರೆ.

ಗಡುವು ಮರೆಯಬೇಡಿ. ಮನೆಯ ವಿಷಯವಾದರೆ ತಾರತಮ್ಯ ಆದ ದಿನದಿಂದ 1 ವರ್ಷದೊಳಗೆ ಸಿಆರ್‌ಡಿಗೆ ಹೇಳಬೇಕು. ಕೆಲಸದ ವಿಷಯಕ್ಕೆ 3 ವರ್ಷ. ದೂರಿಗೆ ನಂಬರ್ 800-884-1684. ಫೋನ್ ಎತ್ತಿದವರಿಗೆ ಕನ್ನಡ ಬೇಕು ಅಂತ ಹೇಳಿ.